ಬಂಗ್ಲೆ ಅಡುಗೆಮನೆ ಕೆಡವಬೇಡಿ: ಗ್ರಾಮಸ್ಥರ ಮನವಿ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಪಿಡಿಒ ಅವರಿಗೆ,
ನಮ್ಮ ಗ್ರಾಮ ಪಂಚಾಯಿತಿ, ಸಕಲೇಶಪುರ ತಾಲ್ಲೂಕು

ವಿಷಯ: ಕಚೇರಿ ಹಿಂದಿನ ಹಳೇ ಇಟ್ಟಿಗೆ ಅಡುಗೆಮನೆಯನ್ನು ಉಳಿಸಿಕೊಡುವ ಬಗ್ಗೆ.

ಮಾನ್ಯರೇ,

ಕಸ ವಿಂಗಡಣೆ ಶೆಡ್ಡಿಗೆ ಜಾಗ ಮಾಡಲು ಬಂಗ್ಲೆ ಅಡುಗೆಮನೆ ಕೆಡವುತ್ತೀರಿ ಅಂತ ತಿಳಿಯಿತು. ಶೆಡ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಜಾಗ ಆಗಬೇಕಾ?

ಹಿಂದೆ ಕ್ಯಾಂಪಿಗೆ ಬರುವ ಅಧಿಕಾರಿಗಳು ಇಲ್ಲಿನ ಬಂಗಲೆಯಲ್ಲಿ ಇಳಿದುಕೊಳ್ಳುತ್ತಿದ್ದರು. ಹೊಗೆ, ಬೆಂಕಿಯ ಭಯಕ್ಕೆ ಅಡುಗೆಮನೆ ಮಾತ್ರ ದೂರ, ಹಿತ್ತಲಲ್ಲಿ. ಬಂಗಲೆ ಹೋಗಿ ಪಂಚಾಯಿತಿ ಕಚೇರಿ ಬಂತು. ಅಡುಗೆಮನೆ ಯಾರ ಕಣ್ಣಿಗೂ ಬೀಳದೆ ಉಳಿಯಿತು, ಅಷ್ಟೇ.

ಹಂಚಿನ ಮೇಲೆ 1865 ಅಂತಿದೆ, ಮನೆಯೂ ಅಷ್ಟು ಹಳೆಯದು ಅಂತ ಊರಲ್ಲಿ ಹೇಳುವವರಿದ್ದಾರೆ. ಅದು ತಪ್ಪು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್‌ನವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ ಅದು. ನೋಡಬೇಕಾದ್ದು ಪಕ್ಕದ ಹೆಸರನ್ನು. ಮೊದಲ ಮಹಾಯುದ್ಧದ ನಂತರ ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಕಂಪನಿಯ ಕೈಗೆ ಹೋಯಿತು. ನಮ್ಮ ಹಂಚಿನಲ್ಲಿ ಇನ್ನೂ ಬಾಸೆಲ್ ಮಿಶನ್ ಅಂತಲೇ ಇದೆ. ಅಂದರೆ ಹಂಚಿಗೆ ನೂರು ವರ್ಷ ದಾಟಿದೆ. ಆಗ ಈ ದಾರಿಗೆ ರೈಲಿರಲಿಲ್ಲ, ಘಾಟಿ ಹತ್ತಿ ಗಾಡಿಯಲ್ಲೇ ಬಂದಿರಬೇಕು. (ಬೇರೆ ಮನೆಯ ಹಂಚು ತಂದು ಹೊದಿಸಿರಲೂಬಹುದು, ಅದಕ್ಕೇ ಗೋಡೆಯನ್ನೂ ನೋಡಿ ಅನ್ನುತ್ತಿದ್ದೇವೆ.)

ಗೋಡೆ ಒಂದೂವರೆ ಇಟ್ಟಿಗೆ ದಪ್ಪ. ಒಂದು ವರಸೆ ಉದ್ದಕ್ಕೆ, ಮೇಲಿನ ವರಸೆ ಅಡ್ಡಕ್ಕೆ. ಬಾಗಿಲ ಮೇಲೆ ಲಿಂಟಲ್ ಇಲ್ಲ, ಇಟ್ಟಿಗೆ ಕಮಾನೇ ಭಾರ ಹೊತ್ತಿದೆ. ಒಲೆಯ ಮೇಲುಗಡೆ ಇಟ್ಟಿಗೆ ಬಿಟ್ಟು ಬಿಟ್ಟು ಇಟ್ಟು ಹೊಗೆ ಹೋಗಲು ಕಂಡಿ ಮಾಡಿದ್ದಾರೆ. ಆ ಕಂಡಿಗಳ ಅಂಚಲ್ಲಿ ಈಗಲೂ ಮಸಿ ಇದೆ. ಎಲ್ಲ ಸುಣ್ಣದ ಗಾರೆ ಕೆಲಸ. ಗಾರೆ ಅರೆದ ಕಲ್ಲಿನ ಗಾಲಿ ನಲ್ಲಿ ಹತ್ತಿರ ಬಿದ್ದಿದೆ. ಅದರ ಮೇಲೆ ಬಟ್ಟೆ ಒಗೆಯುತ್ತಾರೆ.

ವರದಿಯಲ್ಲಿ ಕಟ್ಟಡ 'ಶಿಥಿಲ' ಅಂತ ಬರೆದಿದ್ದಾರೆ. ಹಿಂದೊಮ್ಮೆ ರಿಪೇರಿ ಅಂತ ಕೆಳಗಿನ 3 ಅಡಿಗೆ ಸಿಮೆಂಟ್ ಬಳಿದರಲ್ಲ, ಹಾಳಾಗಿರೋದು ಅಷ್ಟೇ ಭಾಗ. ಗಾರೆ ಹೀರಿದ ನೀರು ಬಿಸಿಲಿಗೆ ಆರುತ್ತದೆ. ಸಿಮೆಂಟ್ ಅದನ್ನು ಒಳಗೇ ಕಟ್ಟಿಹಾಕುತ್ತದೆ. ನಮ್ಮ ಮಳೆಗೆ ಕೇಳಬೇಕಾ? ಬೆರಳಲ್ಲಿ ಕೆರೆದರೆ ಇಟ್ಟಿಗೆ ಕೆಂಪು ಹುಡಿಯಾಗಿ ಉದುರುತ್ತದೆ. ಅದರ ಮೇಲಿನ ಗೋಡೆಗೆ ಮೊಳೆ ಹೊಡೆದು ನೋಡಿ, ಮೊಳೆಯೇ ಬಾಗುತ್ತದೆ.

ಆದ್ದರಿಂದ ಶೆಡ್ಡನ್ನು ಸಂತೆಮಾಳದ ಕಡೆಗೆ ಹಾಕಿಸಿ. ಇಲ್ಲಿ ಆ ಸಿಮೆಂಟ್ ಕಿತ್ತು ಗಾರೆಯಲ್ಲೇ ಮೆತ್ತಿಸಿ, ಗೆದ್ದಲು ಹಿಡಿದ ಚಾವಣಿಯ ಮರ (ಪಕಾಸು, ರೀಪು) ಬದಲಾಯಿಸಿ, ಹಂಚು ಹೊದಿಸಿದರೆ ಸಾಕು. ಗೋಡೆ ಮೇಲಿನ ಅರಳಿ ಗಿಡವನ್ನು ಮಾತ್ರ ಈ ಮಳೆಗಾಲಕ್ಕೆ ಮುಂಚೆ ತೆಗೆಸಲೇಬೇಕು, ಸುಮ್ನೆ ಎಳೆದು ಕೀಳಬಾರದು, ಗೋಡೆಯೂ ಜೊತೆಗೆ ಬರುತ್ತದೆ. ಗಾರೆ ಕೆಲಸ ಬಲ್ಲ ಹಿರಿಯರೊಬ್ಬರು ಊರಲ್ಲೇ ಇದ್ದಾರೆ, ಬರಲು ಒಪ್ಪಿದ್ದಾರೆ. ಕೂಲಿ ಆಳಾಗಿ ನಾವಿದ್ದೇವೆ.

ಗ್ರಾಮಸಭೆಯಲ್ಲಿ ವಿಷಯ ಇಡುವ ತನಕ ಜೆಸಿಬಿ ಕಳಿಸಬೇಡಿ ಅಂತ ಕೇಳಿಕೊಳ್ಳುತ್ತೇವೆ.

ಇಂತಿ,
ಗ್ರಾಮಸ್ಥರು
(ಸಹಿಗಳು ಹಿಂದಿನ ಪುಟದಲ್ಲಿವೆ)