ಬಾಗಿಲು ತೆರೆದವಳ ಚಿತ್ರ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಕಳೆದ ತಿಂಗಳು ಇಂಗ್ಲೆಂಡಿನ ಡರ್ಬಿ ಸಮೀಪದ ಕೆಡಲ್‌ಸ್ಟನ್ ಹಾಲ್ ನೋಡಿ ಬಂದೆ.

ನಥೇನಿಯಲ್ ಕರ್ಜನ್ 1759ರಲ್ಲಿ ಕಟ್ಟಿಸತೊಡಗಿದ ಈ ಮಹಲಿಗೆ ಮೂವರು ವಾಸ್ತುಶಿಲ್ಪಿಗಳು ಕೈ ಹಚ್ಚಿದರೂ, ಇಂದು ನಾವು ಕಾಣುವ ವೈಭವ ಬಹುಮಟ್ಟಿಗೆ ರಾಬರ್ಟ್ ಆಡಮ್‌ನದು. ಒಳಹೊಕ್ಕೊಡನೆ 25 ಅಡಿ ಎತ್ತರದ 20 ಅಲಬಾಸ್ಟರ್ ಎಂಬ ನುಣುಪು ಕಲ್ಲಿನ ಕಂಬಗಳು ಎದುರಾಗುತ್ತವೆ. ಮಹಲಿನ ಸುತ್ತ ಉದ್ಯಾನ ಬೇಕೆಂದು ಅಲ್ಲಿದ್ದ ಹಳ್ಳಿಯನ್ನೇ ಎಬ್ಬಿಸಿ ಬೇರೆಡೆ ನೆಲೆಗೊಳಿಸಿದರು, ರಸ್ತೆಯನ್ನೂ ಬಳಸಿ ಹೋಗುವಂತೆ ಮಾಡಿದರು. ಹಳೆಯ ಚರ್ಚು ಮಾತ್ರ ಉಳಿಯಿತು. ಮುಖ್ಯ ಕಟ್ಟಡದ ಪಕ್ಕಕ್ಕೆ ಯೋಜಿಸಿದ್ದ ನಾಲ್ಕು ರೆಕ್ಕೆ-ಕಟ್ಟಡಗಳಲ್ಲಿ ಎರಡನ್ನಷ್ಟೇ ಕಟ್ಟಲಾಯಿತು. ಆದರೆ ಶ್ರೀರಂಗಪಟ್ಟಣ ಬಿದ್ದ 1799ರಲ್ಲೇ ಗವರ್ನರ್ ಜನರಲ್ ವೆಲ್ಲೆಸ್ಲಿ ಇದರ ಮಾದರಿಯಲ್ಲಿ ಕಲ್ಕತ್ತೆಯಲ್ಲಿ ಆರಂಭಿಸಿದ ಗವರ್ನಮೆಂಟ್ ಹೌಸಿಗೆ ನಾಲ್ಕೂ ಬಂದವು.

ನಾನು ಬಹಳ ಹೊತ್ತು ನಿಂತದ್ದು ಮಾತ್ರ ಕಂಬಗಳ ಮುಂದಲ್ಲ, ಮೇರಿ ಗಾರ್ನೆಟ್‌ಳ ಭಾವಚಿತ್ರದ ಮುಂದೆ. ಆಕೆ 1766ರಿಂದ 1809ರಲ್ಲಿ ಸಾಯುವವರೆಗೂ ಅಲ್ಲಿ ಹೌಸ್‌ಕೀಪರ್ ಆಗಿದ್ದಳು. ಮಹಲು ನೋಡಬಂದವರಿಗೆ ಕೋಣೆಗಳನ್ನು ತೆರೆದು ತೋರಿಸಿ ವಿವರಿಸುವುದು ಆಕೆಯ ಕೆಲಸವಾಗಿತ್ತು. 1777ರಲ್ಲಿ ಬಂದ ಇಂಗ್ಲಿಷ್ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್, ಕಂಬಗಳ ಈ ಹಜಾರದಲ್ಲಿ ನ್ಯಾಯಾಧೀಶರು ಕೂರಬಹುದು, ಇದು ಪುರಭವನಕ್ಕೆ ಚೆನ್ನಾಗಿ ಒದಗುತ್ತದೆ ಎಂದುಬಿಟ್ಟ. ಜೊತೆಗಿದ್ದ, ಆತನ ಜೀವನಚರಿತ್ರೆ ಬರೆದ ಬಾಸ್ವೆಲ್ ಮಾತ್ರ, ತಮಗೆ ಮನೆ ತೋರಿಸಿದ ಹಿರಿಯ ಹೌಸ್‌ಕೀಪರಳ ಒಪ್ಪವಾದ ಉಡುಪನ್ನೂ ಸ್ಪಷ್ಟವಾದ ಉಚ್ಚಾರವನ್ನೂ ಮರೆಯದೆ ಬರೆದಿಟ್ಟ. ಥಾಮಸ್ ಬಾರ್ಬರ್ ಬರೆದ ಆ ಚಿತ್ರದಲ್ಲಿ ಆಕೆಯ ಕೈಯಲ್ಲಿ ಮಹಲಿನ ಕಲಾಕೃತಿಗಳ ಪಟ್ಟಿಯ ಪುಸ್ತಕವಿದೆ. ಇನ್ನೇನು ಮಾತು ಆರಂಭಿಸುತ್ತಾಳೆ ಎನಿಸುತ್ತದೆ.

ಇಷ್ಟನ್ನೇ ಬರೆದು ಮುಗಿಸಬೇಕೆಂದಿದ್ದೆ. ಆದರೆ ಆ ಪುಸ್ತಕ ಹಿಡಿದ ಕೈಯನ್ನು ನೋಡುತ್ತಿದ್ದಂತೆ ನನಗೆ ಅಪ್ಪಯ್ಯನ ನೆನಪಾಯಿತು. ಅವರು ತೋಟದ ಲೆಕ್ಕ ಬರೆಯುವ ರೈಟರ್ ಎಂದು ನಿನಗೆ ಹೇಳಿದ್ದೆನಲ್ಲ, ಹಾಸ್ಟೆಲಿನ ಅರ್ಜಿಯಲ್ಲೂ ಹಾಗೆಯೇ ಬರೆದಿದ್ದೆ. ಅದು ಸುಳ್ಳು. ಅಪ್ಪಯ್ಯ 31 ವರ್ಷ ಒಂದು ಕಾಫಿ ತೋಟದ ಬಂಗಲೆಯ ಗೇಟು ಕಾದವರು. ದೂರದಲ್ಲಿ ಜೀಪಿನ ಸದ್ದು ಕೇಳಿದೊಡನೆ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಎದ್ದು ನಿಲ್ಲುತ್ತಿದ್ದರು. ಬಂದವರಿಗೆ ಬಂಗಲೆಯ ಹೆಂಚು ಯಾವ ಮಳೆಗಾಲದಲ್ಲಿ ಬದಲಾಯಿತು, ಜಗಲಿಯ ಕಂಬದ ಮರ ಯಾವ ಕಾಡಿನದು ಎಂಬುದನ್ನೆಲ್ಲ ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳುತ್ತಿದ್ದರು. ನನಗೆ ಆ ಮಾತು ಕೇಳಿದರೇ ನಾಚಿಕೆಯಾಗುತ್ತಿತ್ತು.

ಎರಡನೇ ವರ್ಷ ಅವರು ಹಾಸ್ಟೆಲಿಗೆ ಬಂದಾಗ ಗೇಟಿನ ಹೊರಗೇ ಮಾತನಾಡಿಸಿ ಬಸ್ಸು ಹತ್ತಿಸಿದೆ. ಅವರು ತಂದ ಕಿತ್ತಳೆಯನ್ನು ನಾವಿಬ್ಬರೂ ಹಂಚಿಕೊಂಡು ತಿಂದೆವು. ಯಾರು ಕೊಟ್ಟರು ಎಂದು ನೀನು ಕೇಳಿದೆ. ತೋಟದ ಆಳೊಬ್ಬರು ತಂದದ್ದು ಎಂದೆ. ಆ ಹಣ್ಣು ಎಷ್ಟು ಸಿಹಿಯಾಗಿತ್ತೆಂದು ನೀನು ಇಂದಿಗೂ ಹೇಳುವಾಗ ನಾನು ಮಾತು ಬದಲಿಸುವುದು ಇದಕ್ಕೇ.

ಆ ಗೇಟಿನ ಬಳಿ ಅಪ್ಪಯ್ಯ ನಿಂತಿರುವ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಹುಡುಕಿ ನೋಡಿದೆ.

ಇರಲಿ ಮಾರಾಯ, ಪತ್ರ ಎಲ್ಲಿಂದ ಎಲ್ಲಿಗೋ ಹೋಯಿತು. ನೀನು ಹೇಳಿದ್ದ ಬಿಸ್ಕತ್ತನ್ನು ತಂದಿದ್ದೇನೆ. ಭಾನುವಾರ ಬಾ, ಕಿತ್ತಳೆಯೂ ಇರುತ್ತದೆ.

ನಿನ್ನವನೇ