ನಮ್ಮ ಶಾಲೆಯ ರಂಗಮಂದಿರ: ಹೇಳಲು ಉಳಿದ ಥ್ಯಾಂಕ್ಸ್

ಕಳೆದ ವಾರ ನಮ್ಮೂರ ಶಾಲೆಯ ರಂಗಮಂದಿರದ ಉದ್ಘಾಟನೆ ಆಯಿತು. ಆರ್ಕಿಟೆಕ್ಟ್ ಅಂತ ನನಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಎರಡು ನಿಮಿಷ ಮಾತಾಡಿ ಅಂದರು. ಎರಡು ನಿಮಿಷಕ್ಕೆ ಮುಗಿಯುವ ಮಾತಲ್ಲ ಅದು. ನಕ್ಷೆಯಲ್ಲಿ ಸಹಿ ನನ್ನದೇ. ಆದರೆ ಅದರಲ್ಲಿ ಒಳ್ಳೆಯದು ಏನಿದೆಯೋ, ಮುಕ್ಕಾಲು ಪಾಲು ಬೇರೆಯವರು ಹೇಳಿಕೊಟ್ಟದ್ದು.

ಮೊದಲು ನಾಟಕದ ಟೀಚರ್‌ಗೆ. "ಮಕ್ಕಳಿಗೆ ಮೈಕ್ ಕಟ್ಟುವ ಹಾಲ್ ನನಗೆ ಬೇಡ. ಐದನೇ ಕ್ಲಾಸಿನ ಹುಡುಗಿ ಮಾತಾಡಿದರೆ ಕೊನೇ ಸಾಲಿಗೆ ಕೇಳಬೇಕು" ಅಂದರು ಅವರು. ಇಡೀ ಕೆಲಸದ ಅರ್ಧ ಕಷ್ಟ ಈ ಒಂದು ಮಾತಲ್ಲಿತ್ತು. ಕರಾವಳಿಯಲ್ಲಿ ಶಾಲೆ ಶುರುವಾಗುವುದೇ ಮಳೆಯ ಜೊತೆ. ಜುಲೈಯಲ್ಲಿ ತಗಡಿನ ಮಾಡಿನ ಕೆಳಗೆ ನಾಟಕ ಮಾಡಿಸಿದವರನ್ನು ಕೇಳಿ ನೋಡಿ, ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಹಾಗಾಗಿ ಶೀಟಿನ ಕೆಳಗೆ ರಾಕ್ ವೂಲ್ ಅನ್ನುವ ಕಲ್ಲಿನ ನಾರಿನ ಹಾಸು, ಅದರ ಕೆಳಗೆ ಮರದ ನಾರು-ಸಿಮೆಂಟಿನ ಹಲಗೆ ಹಾಕಿದೆವು. ಅಕ್ಕಪಕ್ಕದ ಗೋಡೆಗಳನ್ನು ಸ್ವಲ್ಪ ಓರೆ ಮಾಡಿದೆವು. ಸಪಾಟು ಗೋಡೆಗಳು ಎದುರುಬದುರಾದರೆ ಒಂದು ಚಪ್ಪಾಳೆ ತಟ್ಟಿದರೂ ಸದ್ದು ನಡುವೆ ಪಟಪಟ ಅಂತ ಓಡಾಡುತ್ತಲೇ ಇರುತ್ತದೆ.

ಮಾತು ಸ್ಪಷ್ಟವಾಗಿ ಕೇಳಬೇಕಾದರೆ ಸದ್ದು ಸುಮಾರು 1 ಸೆಕೆಂಡಿನಲ್ಲಿ ಅಡಗಬೇಕು. ಹಾಡಿಗೆ ಇನ್ನೂ ಸ್ವಲ್ಪ ಉಳಿದರೆ ಚಂದ. ಚೆಂಡೆಗೋ, ಸದ್ದನ್ನು ಎಷ್ಟು ಹೀರಿದರೂ ಸಾಲದು! ದಪ್ಪ ಬಟ್ಟೆ ಸದ್ದು ಹೀರುತ್ತದೆ. ಹಿಂದಿನ ಗೋಡೆಗೆ ಬೇಕಾದಾಗ ಎಳೆಯುವ ದಪ್ಪ ಪರದೆ ಹಾಕೋಣ ಅಂದುಕೊಂಡೆವು. ಆದರೆ ಎಷ್ಟು ದೊಡ್ಡದು? ಆಗ ಸಹಾಯಕ್ಕೆ ಬಂದವರು ಊರಿನ ಶಾಮಿಯಾನದವರು. ಗೋಡೌನಿನಲ್ಲಿದ್ದ ಜಮಖಾನಗಳನ್ನೆಲ್ಲ ಟೆಂಪೋದಲ್ಲಿ ತಂದು ಗೋಡೆಗೆ ನೇತುಹಾಕಿಸಿದರು. ಒಂದೊಂದೇ ತೆಗೆಯುವುದು, ಬಲೂನ್ ಒಡೆಯುವುದು, ಸದ್ದು ಅಳೆಯುವುದು. ಬಲೂನ್ ಒಡೆಯಲು ಹತ್ತನೇ ಕ್ಲಾಸಿನವರ ಕ್ಯೂ! 1895ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ವ್ಯಾಲೇಸ್ ಸಬೀನ್ ಎಂಬ ಮೇಷ್ಟ್ರು ಮಾಡಿದ್ದೂ ಇದನ್ನೇ. ಮಾತು ಅರ್ಥವಾಗದ ಪಾಠದ ಹಾಲ್ ಒಂದಕ್ಕೆ ಬೇರೆ ಥಿಯೇಟರಿನ ಸೀಟಿನ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಹಾಸಿ ಅಳೆದರು. ಹಾಲಿನಲ್ಲಿ ಸದ್ದು ಎಷ್ಟು ಹೊತ್ತು ಉಳಿಯುತ್ತದೆ ಅಂತ ತಿಳಿಯಲು ನಾವು ಇವತ್ತಿಗೂ ಬಳಸುವ ಲೆಕ್ಕ ಅವರದೇ. ಶಾಮಿಯಾನದವರು ಬಾಡಿಗೆ ತಗೊಳ್ಳಲಿಲ್ಲ, ಚಾ ಮಾತ್ರ ಕುಡಿದರು.

ಯಕ್ಷಗಾನದ ಗುರುಗಳಿಗೆ ಅಡ್ಡಬಿದ್ದೆ. ಚೌಕಿಯ, ಅಂದರೆ ವೇಷ ಹಾಕುವ ಕೋಣೆಯ, ಬಾಗಿಲು ಎಷ್ಟಗಲ ಇರಬೇಕು ಅಂತ ಕೇಳಿದ್ದಕ್ಕೆ ಬಾಯಲ್ಲಿ ಹೇಳಲಿಲ್ಲ. ಮರುದಿನ ಕಿರೀಟ, ಭುಜಕೀರ್ತಿ ಹಿಡಿದುಕೊಂಡೇ ಬಂದರು. ಒಬ್ಬ ಹುಡುಗನಿಗೆ ಕಟ್ಟಿ, ಹಳೇ ಕ್ಲಾಸ್ ರೂಮಿನ ಬಾಗಿಲ ಮುಂದೆ ನಿಲ್ಲಿಸಿ, "ಹೋಗು ಮಾರಾಯ ಒಳಗೆ" ಅಂದರು. ಅವನು ತಲೆ ಬಗ್ಗಿಸಿ, ಏಡಿಯ ಹಾಗೆ ಅಡ್ಡಡ್ಡ ನಡೆದು ಹೋದ. ಗುರುಗಳು ನನ್ನ ಮುಖ ನೋಡಿದರು. ಚೌಕಿಯ ಬಾಗಿಲು ಈಗ ಐದಡಿ ಅಗಲ, ಎಂಟಡಿ ಎತ್ತರ. ವೇಷ ಹಾಕುವವರು ಚಾಪೆ ಮೇಲೆ ಕೂರುತ್ತಾರಲ್ಲ, ಕನ್ನಡಿಗಳೂ ಕೆಳಗೇ ಇವೆ.

ಭರತನಾಟ್ಯದ ಟೀಚರ್ ಸಿಮೆಂಟು ನೆಲದ ಮೇಲೆ ತಟ್ಟಿ ತಟ್ಟಿ ಮಂಡಿ ನೋಯಿಸಿಕೊಂಡವರು. ಅವರ ಹಟದಿಂದ ವೇದಿಕೆಗೆ ಮರದ ನೆಲ ಬಂತು, ಅಡಿಯಲ್ಲಿ ರಬ್ಬರ್ ತುಂಡುಗಳು. ಕೂರಿಸಿದ ಆಚಾರ್ರಿಗೂ ನಮಸ್ಕಾರ.

ಶಾಲೆಗೆ ಯಾಕೆ ಇದೆಲ್ಲ, ಶಾಮಿಯಾನ ಸಾಕಲ್ವಾ ಅಂದವರು ಕಮಿಟಿಯಲ್ಲೇ ಇದ್ದರು. ಅವರನ್ನು ಹೆಗ್ಗೋಡಿಗೆ ಕರೆದುಕೊಂಡು ಹೋಗಿದ್ದು ಹೆಡ್‌ಮೇಷ್ಟ್ರ ಐಡಿಯಾ. 1949ರಲ್ಲಿ ಶುರುವಾದ ನೀನಾಸಂ ಎಂಬ ನಾಟಕದ ಸಂಸ್ಥೆ ಅಷ್ಟು ಸಣ್ಣ ಊರಲ್ಲಿ ಏನು ಮಾಡಿದೆ ಅಂತ ಕಣ್ಣಾರೆ ನೋಡಿದ ಮೇಲೆ ಯಾರೂ ಶಾಮಿಯಾನದ ಮಾತೆತ್ತಲಿಲ್ಲ.

ದುಡ್ಡು ಕಮ್ಮಿ ಬಿದ್ದಾಗ ಬಾಗಿಲು ಕಡಿಮೆ ಮಾಡಿ ಅನ್ನುವ ಸಲಹೆ ಬಂತು. ಹೆಡ್‌ಮೇಷ್ಟ್ರು ಒಪ್ಪಲಿಲ್ಲ. 1995ರಲ್ಲಿ ಹರಿಯಾಣದ ದಬ್ವಾಲಿಯಲ್ಲಿ ಶಾಲೆಯ ವಾರ್ಷಿಕೋತ್ಸವದ ಪೆಂಡಾಲಿಗೆ ಬೆಂಕಿ ಬಿದ್ದು 400ಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು. ಓಡಲು ದಾರಿ ಸಾಲಲಿಲ್ಲ. ನಮ್ಮ ನಾಲ್ಕೂ ಬಾಗಿಲು ಉಳಿದವು. ನಾಲ್ಕೂ ಹೊರಕ್ಕೇ ತೆರೆಯುತ್ತವೆ.

ಆ ದುಡ್ಡಿನ ಕೊರತೆ ತುಂಬಿದ್ದು ಮುಂಬೈಯಲ್ಲಿ, ಗಲ್ಫಿನಲ್ಲಿ ಇರುವ ಹಳೇ ವಿದ್ಯಾರ್ಥಿಗಳು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಲೈಟಿನ ಬೆಳಕು ಹೆಚ್ಚು ಕಮ್ಮಿ ಮಾಡುವ ಡಿಮ್ಮರ್ ಇನ್ನೂ ಬರಬೇಕು. ಅದಕ್ಕೆ ಕೊಡುವವರಿಗೆ ಈಗಲೇ ಅಡ್ವಾನ್ಸ್ ಥ್ಯಾಂಕ್ಸ್ ಹೇಳಿಬಿಡುತ್ತೇನೆ.