ಭಾಷಣಕ್ಕಿಂತ ಮೊದಲು ನಡಾವಳಿ: ಡ್ಯಾರೋ ಚರಿತ್ರೆ ಬರೆಯುತ್ತಿರುವ ಯುವ ಲೇಖಕರಿಗೆ

ಪ್ರಿಯ ಮಿತ್ರರೇ,

ಅಮೆರಿಕದ ವಕೀಲ ಕ್ಲಾರೆನ್ಸ್ ಡ್ಯಾರೋ ಕುರಿತ ನಿಮ್ಮ ಹಸ್ತಪ್ರತಿ ಓದಿದೆ. ಗದ್ಯ ಸೊಗಸಾಗಿದೆ. ಆದರೆ ಅದರಲ್ಲಿ ಭಾಷಣಕಾರ ಸಿಗುತ್ತಾನೆ, ವಕೀಲ ಸಿಗುವುದಿಲ್ಲ. ಅಧ್ಯಾಯಕ್ಕೊಂದು ಅಂತಿಮ ವಾದ, ಅದರ ಕೊನೆಗೆ ಕಣ್ಣೊರೆಸಿಕೊಳ್ಳುವ ಜನ. ಹೆಸರಾಂತ ವಕೀಲರ ಚರಿತ್ರೆ ಬರೆಯುವವರು ಎಡವುವುದು ಇಲ್ಲೇ: ಭಾಷಣಗಳು ಅಚ್ಚಾಗಿ ಕೈಗೆ ಸಿಗುತ್ತವೆ, ನ್ಯಾಯಾಲಯದ ನಡಾವಳಿಯನ್ನು ಹುಡುಕಿ ಓದಬೇಕಾಗುತ್ತದೆ.

1924ರ ಷಿಕಾಗೋ ಮೊಕದ್ದಮೆಯನ್ನೇ ನೋಡಿ. ಲಿಯೊಪೋಲ್ಡ್ ಮತ್ತು ಲೋಬ್ ಎಂಬ ಇಬ್ಬರು ಶ್ರೀಮಂತ ಹುಡುಗರು ಹದಿನಾಲ್ಕು ವರ್ಷದ ಬಾಲಕನನ್ನು ಕೊಂದಿದ್ದರು, ಪೊಲೀಸರ ಮುಂದೆ ಒಪ್ಪಿಕೊಂಡೂ ಇದ್ದರು. ನೀವು ಎಂಟು ಪುಟ ಡ್ಯಾರೋನ ಮಾತಿಗೆ ಕೊಟ್ಟಿದ್ದೀರಿ. ಅವನ ನಿಜವಾದ ಚಾಣಾಕ್ಷತನ ಇದ್ದದ್ದು ಜುಲೈ 21ರ ಒಂದು ನಡೆಯಲ್ಲಿ. ಅದಕ್ಕೆ ನಿಮ್ಮಲ್ಲಿ ಒಂದೇ ಸಾಲು. ಬುದ್ಧಿಭ್ರಮಣೆಯ ವಾದ ಹೂಡುತ್ತಾನೆಂದು ಎಲ್ಲರೂ ಕಾದಿದ್ದಾಗ ಅವನು ತಪ್ಪೊಪ್ಪಿಗೆ ಸಲ್ಲಿಸಿಬಿಟ್ಟ. ಬುದ್ಧಿಭ್ರಮಣೆಯ ವಾದವಾದರೆ ವಿಷಯ ಹನ್ನೆರಡು ಜನಸಾಮಾನ್ಯರ ಜ್ಯೂರಿಯ ಮುಂದೆ ಹೋಗುತ್ತಿತ್ತು, ಊರಿಗೆ ಊರೇ ಗಲ್ಲು ಬೇಡುತ್ತಿದ್ದ ಹೊತ್ತಿನಲ್ಲಿ. ತಪ್ಪೊಪ್ಪಿಕೊಂಡರೆ ಜ್ಯೂರಿ ಇಲ್ಲ. ಶಿಕ್ಷೆಯ ಹೊಣೆ ನ್ಯಾಯಾಧೀಶ ಜಾನ್ ಕೇವರ್ಲಿ ಒಬ್ಬರದೇ. ಇನ್ನೊಂದು ಸೂಕ್ಷ್ಮವಿದೆ. ಕೊಲೆ, ಅಪಹರಣ ಎರಡಕ್ಕೂ ಆಗ ಅಲ್ಲಿ ಮರಣದಂಡನೆ ಸಾಧ್ಯವಿತ್ತು. ಒಂದನ್ನೇ ಒಪ್ಪಿಕೊಂಡಿದ್ದರೆ ಸರ್ಕಾರಿ ವಕೀಲ ರಾಬರ್ಟ್ ಕ್ರೋ ಇನ್ನೊಂದನ್ನು ಹಿಡಿದು ಮತ್ತೆ ಗಲ್ಲು ಕೇಳಬಹುದಿತ್ತು. ಅದಕ್ಕೇ ಎರಡನ್ನೂ ಒಟ್ಟಿಗೆ ಒಪ್ಪಿಕೊಂಡದ್ದು. ಇಷ್ಟನ್ನು ಮೊದಲು ಬಿಡಿಸಿ ಹೇಳಿ. ಜ್ಯೂರಿ ಪದ್ಧತಿ ಕಾಣದ ಕನ್ನಡ ಓದುಗರಿಗೆ, ಅಪರಾಧ ನಡೆಯಿತೇ ಇಲ್ಲವೇ ಎಂದು ತೀರ್ಮಾನಿಸುವವರು ಯಾರು, ಶಿಕ್ಷೆ ವಿಧಿಸುವವರು ಯಾರು ಎಂಬುದು ಗೊತ್ತಾಗದೆ ಭಾಷಣದ ಬೆಲೆ ತಿಳಿಯುವುದಿಲ್ಲ.

ಭಾಷಣವನ್ನು ಕೈಬಿಡಿ ಎನ್ನುತ್ತಿಲ್ಲ. ಒಮ್ಮೆಗೆ ನೂರು ನೂರೈವತ್ತು ಪದಕ್ಕಿಂತ ಹೆಚ್ಚು ಉದ್ಧರಿಸಬೇಡಿ. ಮೂರು ದಿನ ಹರಿದ ಮಾತಿನ ಓಘವನ್ನು ಪುಟಗಟ್ಟಲೆ ತುಂಬಿದರೆ ಓದುಗ ಹಾರಿಸಿಕೊಂಡು ಹೋಗುತ್ತಾನೆ. ಅಚ್ಚಾದ ಪಾಠವನ್ನು ಶೀಘ್ರಲಿಪಿಕಾರರ ದಾಖಲೆಯ ಪಕ್ಕದಲ್ಲಿಟ್ಟು ನೋಡಿ. ಅಚ್ಚಿಗೆ ಹೋಗುವ ಮುನ್ನ ಇಂಥ ಮಾತುಗಳಿಗೆ ಕತ್ತರಿ ಬಿದ್ದಿರುತ್ತದೆ, ಮೆರುಗು ಹತ್ತಿರುತ್ತದೆ. ಕೊನೆಗೆ ತೀರ್ಪನ್ನೇ ಓದಿ. ಕೇವರ್ಲಿ ಗಲ್ಲು ತಪ್ಪಿಸಲು ಮುಖ್ಯ ಕಾರಣವಾಗಿ ಹೇಳಿದ್ದು ಆರೋಪಿಗಳ ವಯಸ್ಸನ್ನು: ಹದಿನೆಂಟು, ಹತ್ತೊಂಬತ್ತು. ಕೊಲೆಗೆ ಜೀವಾವಧಿ, ಅಪಹರಣಕ್ಕೆ 99 ವರ್ಷ. ‘ಭಾಷಣ ಕೇಳಿ ನ್ಯಾಯಾಧೀಶರ ಮನ ಕರಗಿತು’ ಎಂಬ ನಿಮ್ಮ ವಾಕ್ಯಕ್ಕೆ ತೀರ್ಪಿನಲ್ಲಿ ಆಧಾರ ಸಾಲದು.

ಟೆನೆಸ್ಸೀ ರಾಜ್ಯದ ಡೇಟನ್ ಊರಿನ ಅಧ್ಯಾಯದಲ್ಲಿ ನಾಟಕದ ನೆರಳು ಬಿದ್ದಿದೆ. ಕಾಯ್ದೆ ಮೀರಿ ವಿಕಾಸವಾದ ಬೋಧಿಸಿದನೆಂದು ಶಾಲಾ ಶಿಕ್ಷಕ ಜಾನ್ ಸ್ಕೋಪ್ಸ್ ಮೇಲೆ 1925ರಲ್ಲಿ ನಡೆದ ಮೊಕದ್ದಮೆಯನ್ನು ಆಧರಿಸಿ ಮುಂದೆ ಬಂದ ರಂಗಕೃತಿಯಲ್ಲಿ ಹೆಸರುಗಳನ್ನೂ ಘಟನೆಗಳನ್ನೂ ಬದಲಿಸಿದ್ದಾರೆ. ಅದು ನಿಮಗೆ ಸಾಕ್ಷ್ಯವಲ್ಲ. ಸರ್ಕಾರದ ಪರ ವಾದಿಸುತ್ತಿದ್ದ ರಾಜಕಾರಣಿ ವಿಲಿಯಂ ಜೆನ್ನಿಂಗ್ಸ್ ಬ್ರಯನ್‌ರನ್ನು ಡ್ಯಾರೋ ಪ್ರಶ್ನಿಸಿದ್ದು ಜುಲೈ 20ರಂದು, ನ್ಯಾಯಾಲಯದ ಹೊರಗಿನ ಬಯಲಿನಲ್ಲಿ. ಅದನ್ನು ಜ್ಯೂರಿ ಕೇಳಲೇ ಇಲ್ಲ! ಮರುದಿನ ನ್ಯಾಯಾಧೀಶ ರಾಲ್‌ಸ್ಟನ್ ಆ ಸಾಕ್ಷ್ಯವನ್ನು ದಾಖಲೆಯಿಂದಲೇ ತೆಗೆಸಿದರು. ಆಮೇಲೆ ಡ್ಯಾರೋ ತನ್ನ ಕಕ್ಷಿದಾರ ತಪ್ಪಿತಸ್ಥನೆಂದೇ ತೀರ್ಪು ಕೊಡಿ ಎಂದ. ಹುಚ್ಚಾಟವಲ್ಲ: ಅಂತಿಮ ವಾದವೇ ಬೇಡವಾದ್ದರಿಂದ ಬ್ರಯನ್ ಸಿದ್ಧಪಡಿಸಿಟ್ಟಿದ್ದ ಭಾಷಣಕ್ಕೂ ಜಾಗವಿಲ್ಲದಾಯಿತು, ಮೇಲ್ಮನವಿಯ ದಾರಿಯೂ ತೆರೆಯಿತು. ಜ್ಯೂರಿಗೆ ಒಂಬತ್ತು ನಿಮಿಷ ಸಾಕಾಯಿತು. ದಂಡ 100 ಡಾಲರ್. 50 ಡಾಲರಿಗೆ ಮೀರಿದ ದಂಡವನ್ನು ಜ್ಯೂರಿಯೇ ನಿಗದಿ ಮಾಡಬೇಕಿತ್ತು, ನ್ಯಾಯಾಧೀಶರು ತಾವೇ ಹಾಕಿಬಿಟ್ಟಿದ್ದರು; ಆ ತಾಂತ್ರಿಕ ದೋಷದ ಮೇಲೆ 1927ರಲ್ಲಿ ಟೆನೆಸ್ಸೀ ಸುಪ್ರೀಂ ಕೋರ್ಟ್ ತೀರ್ಪನ್ನು ರದ್ದು ಮಾಡಿತು. ಹಾಗಾಗಿ ಕಾಯ್ದೆಯನ್ನು ಪ್ರಶ್ನಿಸಿ ಮುಂದಿನ ಕೋರ್ಟಿಗೆ ಒಯ್ಯಲು ಕೈಯಲ್ಲಿ ಮೊಕದ್ದಮೆಯೇ ಉಳಿಯಲಿಲ್ಲ. ವಿಕಾಸವಾದದ ಬೋಧನೆಯನ್ನು ನಿಷೇಧಿಸಿದ್ದ ಆ ಕಾಯ್ದೆ ಹೋದದ್ದು 1967ರಲ್ಲಿ. ‘ಡ್ಯಾರೋ ಗೆದ್ದ’ ಎಂದು ಬರೆದಿದ್ದೀರಲ್ಲ, ಯಾವ ನ್ಯಾಯಾಲಯದಲ್ಲಿ?

ಕೆಲಸದ ಕ್ರಮ ಹೀಗಿರಲಿ. ಪ್ರತಿ ಮೊಕದ್ದಮೆಗೂ ಒಂದೊಂದು ಹಾಳೆ. ಆರೋಪದ ಕಲಮು, ಆರೋಪಿಯ ಉತ್ತರ, ತೀರ್ಮಾನಿಸುವವರು, ಒಪ್ಪಿಕೊಂಡ ಮತ್ತು ತಳ್ಳಿಹಾಕಿದ ಸಾಕ್ಷ್ಯ, ತೀರ್ಪು, ಮೇಲ್ಮನವಿಯ ಗತಿ, ಕೊನೆಗೆ ಶುಲ್ಕ. ಯಾವ ಮನೆ ಖಾಲಿ ಉಳಿಯುತ್ತದೋ ಅಲ್ಲಿ ನಿಮ್ಮ ಕಲ್ಪನೆ ನುಗ್ಗುತ್ತದೆ, ಅಲ್ಲಿ ಕಾವಲಿರಿ. ಪತ್ರಿಕಾ ವರದಿಯಿಂದ ವಾತಾವರಣ, ಸೆಖೆ, ಜನಸಂದಣಿ ತೆಗೆದುಕೊಳ್ಳಿ. ಪ್ರಶ್ನೋತ್ತರವನ್ನು ಮಾತ್ರ ನಡಾವಳಿಯಿಂದಲೇ. ವಕೀಲರ ಆತ್ಮಚರಿತ್ರೆ ಅವರ ನಿಲುವಿಗೆ ಸಾಕ್ಷಿಯಾದೀತು, ನಡೆದದ್ದಕ್ಕೆ ಅಲ್ಲ.

ಲಾಸ್ ಏಂಜಲೀಸ್ ಭಾಗವನ್ನು ಒಂದು ಪ್ಯಾರಾದಲ್ಲಿ ದಾಟಿಸಿದ್ದೀರಿ. ಅದು ಇಡೀ ಪುಸ್ತಕದ ಬೆನ್ನೆಲುಬಾಗಬೇಕು. ಪತ್ರಿಕಾ ಕಚೇರಿಗೆ ಬಾಂಬಿಟ್ಟ ಆರೋಪದ ಮೇಲೆ ನಡೆದ 1911ರ ಮ್ಯಾಕ್‌ನಮಾರಾ ಸೋದರರ ಮೊಕದ್ದಮೆಯಲ್ಲಿ ಜ್ಯೂರಿಗೆ ಲಂಚ ಕೊಡಿಸಿದ ಆರೋಪ ಡ್ಯಾರೋನ ಮೇಲೇ ಬಂತು. 1912ರಲ್ಲಿ ಮೊದಲ ವಿಚಾರಣೆಯಲ್ಲಿ ಬಿಡುಗಡೆ. 1913ರಲ್ಲಿ ಎರಡನೆಯದರಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ‘ನಿರ್ದೋಷಿ’ ಎಂದು ಸಾರಬೇಡಿ, ‘ಲಂಚಕೋರ’ ಎಂದೂ ಬೇಡ. ಎರಡು ಫಲಿತಾಂಶಗಳನ್ನು ಬೇರೆ ಬೇರೆಯಾಗಿ ಇಡಿ. 1932ರ ಹೊನೊಲುಲು ಮೊಕದ್ದಮೆಯೂ ಹಾಗೆಯೇ: ಡೆಟ್ರಾಯಿಟ್‌ನಲ್ಲಿ ಕಪ್ಪು ವೈದ್ಯ ಆಸಿಯನ್ ಸ್ವೀಟ್ ಕುಟುಂಬದ ಪರ ನಿಂತವನೇ, ಹವಾಯಿಯ ಮೂಲನಿವಾಸಿ ಜೋಸೆಫ್ ಕಹಹಾವಾಯಿಯನ್ನು ಕೊಂದ ಬಿಳಿಯರ ಪರವೂ ನಿಂತ. ಹತ್ತು ವರ್ಷದ ಶಿಕ್ಷೆಯನ್ನು ಗವರ್ನರ್ ಒಂದು ಗಂಟೆಗೆ ಇಳಿಸಿದರು. ಇದಕ್ಕೆ ಸಮಜಾಯಿಷಿ ಹುಡುಕಲು ಹೋಗಬೇಡಿ.

ಡ್ಯಾರೋನ ಪರಂಪರೆ ಕುರಿತ ಕೊನೆಯ ಅಧ್ಯಾಯ ಸದ್ಯಕ್ಕೆ ಪಕ್ಕಕ್ಕಿರಲಿ. ಷಿಕಾಗೋ ಇರುವ ಇಲಿನಾಯ್ ರಾಜ್ಯ ಮರಣದಂಡನೆ ರದ್ದು ಮಾಡಿದ್ದು 2011ರಲ್ಲಿ. ಡ್ಯಾರೋನ ಭಾಷಣದಿಂದ ಅಲ್ಲಿಗೆ ನೇರ ಗೆರೆ ಎಳೆದಿದ್ದೀರಿ, ಅಳಿಸಿ. ನಡುವೆ ನಿರಪರಾಧಿಗಳಿಗೆ ಮರಣದಂಡನೆ ವಿಧಿಸಿದ ಪ್ರಕರಣಗಳು ಬಯಲಾದದ್ದೇ ದೊಡ್ಡ ಕಾರಣ.

ಮೊದಲು ಡೆಟ್ರಾಯಿಟ್ ಅಧ್ಯಾಯ ತಿದ್ದಿ. ಬಿಳಿಯರ ಬಡಾವಣೆಯಲ್ಲಿದ್ದ ಸ್ವೀಟ್ ಮನೆಯಿಂದ ಹಾರಿದ ಗುಂಡಿಗೆ ಹೊರಗೆ ಒಬ್ಬ ಸತ್ತಿದ್ದ. ಇಡೀ ಆತ್ಮರಕ್ಷಣೆಯ ವಾದ ನಿಂತಿದ್ದು ಮನೆಯ ಮುಂದೆ ಎಷ್ಟು ಜನ ಸೇರಿದ್ದರು ಎಂಬುದರ ಮೇಲೆ. ಸರ್ಕಾರದ ಸಾಕ್ಷಿಗಳು ‘ಕೆಲವರಷ್ಟೇ’ ಎನ್ನುತ್ತಾ ಹೋದರು. ಡ್ಯಾರೋ ಪಾಟೀಸವಾಲಿನಲ್ಲಿ ಒಬ್ಬೊಬ್ಬರನ್ನೇ ಕೆದಕಿದ. 1925ರ ಮೊದಲ ಜ್ಯೂರಿ ಒಮ್ಮತಕ್ಕೆ ಬಾರದೆ ಚದುರಿತು, 1926ರ ಮೇಯಲ್ಲಿ ವೈದ್ಯನ ತಮ್ಮ ಹೆನ್ರಿ ಸ್ವೀಟ್ ಬಿಡುಗಡೆಯಾದ. ಆ ಪಾಟೀಸವಾಲಿನ ಎರಡು ಮೂರು ಪುಟ ಸಾಕು, ನಿಮ್ಮ ಮಾತು ಆದಷ್ಟು ಕಡಿಮೆ ಇರಲಿ. ಮುಗಿದ ಕೂಡಲೇ, ಮೊಕದ್ದಮೆಯ ಹಾಳೆಯನ್ನೂ ಜೊತೆಗಿಟ್ಟು ಕಳಿಸಿ.

ವಿಶ್ವಾಸದಿಂದ,
ನಿಮ್ಮ ಹಿತೈಷಿ